ಹನ್ನೊಂದು ಬೇಡಿಕೆಯ ಮನವಿ ಓದಿ, ಪುಟ್ಟಿಗೆ

ಕುಮಟಾ
ಬುಧವಾರ ಸಂಜೆ

ಚಿ. ಸೌ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನೀನು ಕಳಿಸಿದ ಮನವಿ ಎರಡು ಸಲ ಓದಿದೆ. ಈ ಮಳೆಯಲ್ಲಿ ಅಂಕೋಲೆಯ ಮೀನುಪೇಟೆಯಲ್ಲಿ ನಿಂತು ನಾನೂರು ಸಹಿ ಕೂಡಿಸಿದ್ದೀಯಲ್ಲ, ಸಣ್ಣ ಕೆಲಸವೇನಲ್ಲ. "ಇವಳಿಗ್ಯಾಕೆ ಊರ ಉಸಾಬರಿ" ಎಂದು ನಿನ್ನ ಆಯಿ ಫೋನಿನಲ್ಲಿ ಗೊಣಗಿದಳು. ಗೊಣಗಲಿ ಬಿಡು. ಮೂರನೇ ಹಾಳೆಯಲ್ಲಿ ಅವಳ ಸಹಿಯೂ ಇದೆ, ನೋಡಿದೆ.

ಆದರೆ ಹನ್ನೊಂದು ಬೇಡಿಕೆ ಯಾಕೆ ಬರೆದೆ? ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ, ಹೆಲಿಕಾಪ್ಟರ್ ಆಂಬುಲೆನ್ಸ್, ಎಲ್ಲರಿಗೂ ಪುಕ್ಕಟೆ ಔಷಧಿ, ರೋಗಿಯನ್ನು ನೋಡಿಕೊಳ್ಳುವವರಿಗೆ ರಜೆಯ ಕಾನೂನು, ಎಲ್ಲವೂ ಒಂದೇ ಹಾಳೆಯಲ್ಲಿ. ಮೂವತ್ನಾಲ್ಕು ವರ್ಷ ಊರೂರು ತಿರುಗಿ ನರ್ಸಬಾಯಿ ಎನ್ನಿಸಿಕೊಂಡವಳು ನಾನು. ಇಂಥ ಮನವಿಗೆ ಏನಾಗುತ್ತದೆ ಎಂದು ಕಣ್ಣಾರೆ ಕಂಡಿದ್ದೇನೆ. ಟಪಾಲಿಗೆ ಬರುತ್ತದೆ, ಸೀಲು ಬೀಳುತ್ತದೆ, "ನಿಯಮಾನುಸಾರ ಪರಿಶೀಲಿಸಲಾಗುವುದು" ಎಂದು ಒಂದು ಸಾಲಿನ ಹಿಂಬರಹ ಹೋಗುತ್ತದೆ. ಹನ್ನೊಂದರಲ್ಲಿ ಯಾವುದನ್ನು ಪರಿಶೀಲಿಸಿದರು? ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ನಿನ್ನ ಮಾವನ ವಿಷಯ ನಿನಗೆ ಗೊತ್ತು. ಆ ದಿನದ್ದು ಪೂರ್ತಿ ಗೊತ್ತಿಲ್ಲ. ಬೆಳಿಗ್ಗೆ ಆರಕ್ಕೆ ಹಲ್ಲುಜ್ಜುತ್ತಿದ್ದಾಗ ಬಲಗೈ ಜೋತುಬಿತ್ತು, ಮಾತು ತೊದಲಿತು. ಲಕ್ವ ಎಂದು ನನಗೆ ಆಗಲೇ ತಿಳಿಯಿತು. ಹತ್ತಿರದ ಒಂದು ಸರ್ಕಾರಿ ಆಸ್ಪತ್ರೆಗೆ ಒಯ್ದೆವು. ಅಲ್ಲಿ ಸಿ.ಟಿ. ಸ್ಕ್ಯಾನ್ ಮಷಿನ್ ಇತ್ತು, ನಡೆಸುವವನು ಇರಲಿಲ್ಲ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಕೊಡುವ ಮೊದಲು ಸ್ಕ್ಯಾನ್ ಆಗಲೇಬೇಕು, ಯಾಕೆಂದರೆ ನಾಳ ಒಡೆದು ಆದ ಲಕ್ವವಾದರೆ ಅದೇ ಇಂಜೆಕ್ಷನ್ ಜೀವ ತೆಗೆಯಬಹುದು. ದೊಡ್ಡಾಸ್ಪತ್ರೆಗೆ ಒಯ್ಯಲು ನಮಗೆ ಆಂಬುಲೆನ್ಸ್ ಸಿಕ್ಕಿದ್ದು ಎಂಟೂವರೆಗೆ. ಅವರ ತಲೆ ತೊಡೆಯ ಮೇಲಿಟ್ಟುಕೊಂಡು ಗಡಿಯಾರ ನೋಡುತ್ತಾ ಕೂತೆ. ಬೈಂದೂರು ದಾಟುವಾಗ ಹತ್ತೂವರೆ. ನನಗೆ ಲೆಕ್ಕ ಬರುತ್ತಿತ್ತು, ಪಕ್ಕದಲ್ಲಿದ್ದ ನಿನ್ನ ಭಾವನಿಗೆ ಬರುತ್ತಿರಲಿಲ್ಲ. ನಾನು ಹೇಳಲೂ ಇಲ್ಲ.

ಅವತ್ತು ನಮಗೆ ಹೆಲಿಕಾಪ್ಟರ್ ಬೇಕಿರಲಿಲ್ಲ ಪುಟ್ಟಿ. ಒಬ್ಬ ಟೆಕ್ನಿಶಿಯನ್ ಬೇಕಿತ್ತು.

ದೊಡ್ಡಾಸ್ಪತ್ರೆ ಕೇಳಬೇಡ ಎನ್ನುತ್ತಿಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರಲ್ಲ (ಗುಡ್ಡ ಕುಸಿದ ನಿಮ್ಮ ಶಿರೂರಲ್ಲ, ಬೈಂದೂರಿನ ಕಡೆಯದು), ಆಗ ಇಡೀ ಜಿಲ್ಲೆ ಆಸ್ಪತ್ರೆ ಕೊಡಿ ಎಂದು ಕೂಗಿತು. ಕೂಗಿದ್ದು ಸರಿಯೇ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಶುರುವಾಗಿದ್ದು 2016ರಲ್ಲಿ, ಜನ ಇನ್ನೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವೆ ಎಂದು ಓಡುತ್ತಲೇ ಇದ್ದಾರೆ. ಆದರೆ ಕಟ್ಟಡಕ್ಕೆ ವರ್ಷಗಳು ಬೇಕು. ಖಾಲಿ ಕುರ್ಚಿಗೆ ಒಬ್ಬರನ್ನು ಕೂರಿಸಲು ಅಷ್ಟು ಬೇಡ. ಆ ಕುರ್ಚಿ ತುಂಬಿಸಿ ಎಂಬುದನ್ನು ಬೇರೆ ಹಾಳೆಯಲ್ಲಿ, ಬೇರೆಯಾಗಿ ಕೇಳು.

ಕೇಳುವ ಮೊದಲು ಲೆಕ್ಕ ತರಿಸು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತೇ ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಿನ್ನಂಥವರಿಗೆ ಅದೇ ಒಳ್ಳೆಯದು! ತಾಲೂಕು ಆಸ್ಪತ್ರೆಯಲ್ಲಿ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಸ್ಕ್ಯಾನ್ ಮಷಿನ್ ಹೋದ ವರ್ಷ ಎಷ್ಟು ದಿನ ನಡೆದಿದೆ, ಇಷ್ಟು ಸಾಕು. 30 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲ್ಮನವಿ. ಯಾವ ಕಾಗದ ಕೊಟ್ಟರೂ ಅದು ಬಂದು ಮುಟ್ಟಿತೆಂಬ ಇನ್‌ವರ್ಡ್ ನಂಬರ್ ಬರೆಸಿಕೊಳ್ಳದೆ ಆಫೀಸಿನ ಮೆಟ್ಟಿಲು ಇಳಿಯಬೇಡ. ನಗುನಗುತ್ತಾ "ಇಟ್ಟು ಹೋಗಿ ಅಕ್ಕಾ" ಎನ್ನುವವರನ್ನು ಮಾತ್ರ ನಂಬಬೇಡ. ನಾನೂ ಹಾಗೆ ಹೇಳಿದವಳೇ.

ಇನ್ನೊಂದು ತಪ್ಪು. ಮನವಿಯನ್ನು ಪ್ರಧಾನಿಗೆ ಬರೆದಿದ್ದೀಯ. ಆಸ್ಪತ್ರೆ ನಡೆಸುವುದು ಸಂವಿಧಾನದ ಪ್ರಕಾರ ರಾಜ್ಯದ ಕೆಲಸ. ಜಿಲ್ಲೆಗೆ ಆರು ಜನ ಶಾಸಕರಿದ್ದಾರೆ. ಉತ್ತರ ಬಂದ ಮೇಲೆ ಆ ಅಂಕಿ ಹಿಡಿದು ನಿನ್ನ ಶಾಸಕರ ಮುಂದೆ ಕೂರು, ಬೆಳಗಾವಿ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಹಾಕಿ ಎನ್ನು. ಅದಕ್ಕೆ ಮಂತ್ರಿಗಳು ಸದನದಲ್ಲಿ ಬಾಯಿಬಿಟ್ಟು ಹೇಳಬೇಕಾಗುತ್ತದೆ. ವಿಧಾನಸಭೆಗೆ ಅರ್ಜಿಗಳ ಸಮಿತಿ ಎಂದೇ ಒಂದಿದೆ, ಅದನ್ನೂ ಮರೆಯಬೇಡ.

ರಜೆಯ ಕಾನೂನಿನ ದಾರಿ ಬೇರೆ. ಕಾರ್ಮಿಕರ ವಿಷಯ ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ್ದು. ಅದಕ್ಕೆ ಸಂಸದರನ್ನೂ ಹಿಡಿಯಬೇಕು. ಇದನ್ನು ಬರೆಯುವಾಗ ನನ್ನ ಕೈ ಸ್ವಲ್ಪ ನಡುಗುತ್ತದೆ. ನಿನ್ನ ಭಾವ ಅಪ್ಪನನ್ನು ನೋಡಿಕೊಳ್ಳಲು ಇದ್ದಬದ್ದ ರಜೆ ಮುಗಿಸಿದ, ಆಮೇಲೆ ಸಂಬಳವಿಲ್ಲದ ರಜೆ, ಕೊನೆಗೆ ಕೆಲಸವನ್ನೇ ಬಿಟ್ಟ. ಕಂಪನಿಯವರು ಕಾನೂನು ಮುರಿಯಲಿಲ್ಲ. ಮುರಿಯಲು ಕಾನೂನೇ ಇರಲಿಲ್ಲ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ಹೆಂಗಸರಿಗೆ ಮಕ್ಕಳನ್ನು ನೋಡಿಕೊಳ್ಳಲು ಸೇವೆಯಲ್ಲಿ 730 ದಿನ ರಜೆ ಇದೆ. ಖಾಸಗಿಯಲ್ಲಿ ದುಡಿಯುವ ಮಗ ಹಾಸಿಗೆ ಹಿಡಿದ ಅಪ್ಪನಿಗಾಗಿ ರಜೆ ಕೇಳಿದರೆ ತೋರಿಸಲು ಒಂದು ಕಲಮೂ ಇಲ್ಲ. ಅಮೆರಿಕದಲ್ಲಿ ಇಂಥದ್ದೊಂದು ಕಾನೂನಿದೆ, 12 ವಾರ. ಸಂಬಳ ಇಲ್ಲ, ಆದರೆ ಕೆಲಸ ಹೋಗುವುದಿಲ್ಲ. ಅದನ್ನೂ ಅವರ ಅಧ್ಯಕ್ಷರು 1990ರಲ್ಲೊಮ್ಮೆ, 1992ರಲ್ಲೊಮ್ಮೆ ತಳ್ಳಿಹಾಕಿದ್ದರು. ಕೇಳುವವರು ಬಿಡಲಿಲ್ಲ, 1993ರಲ್ಲಿ ಆಯಿತು.

ಈ ಬೇಡಿಕೆ ಬರೆಯುವಾಗ ನಿನ್ನ ಸಹಿಗಳನ್ನೇ ಒಮ್ಮೆ ನೋಡು. ಜಾಸ್ತಿ ಮೀನು ಮಾರುವ ಹೆಂಗಸರದ್ದೇ, ಅಲ್ವಾ? ಹೆರಿಗೆ ರಜೆಯನ್ನು 2017ರಲ್ಲಿ 26 ವಾರಕ್ಕೆ ಏರಿಸಿದರು. ಇವರಿಗೆ ಅದರಿಂದೇನು? ರಜೆ ಕೊಡುವ ಧಣಿಯೇ ಇಲ್ಲ. ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಸಿಕ್ಕರೆ ಉಂಟು. ಬಾಣಂತನ ಬಿಟ್ಟು ಬುಟ್ಟಿ ಹೊತ್ತ ಎಷ್ಟು ಜನರ ಮನೆಗೆ ಹೋಗಿ ಬೈದಿದ್ದೇನೋ. ಬೈಯುವುದು ಸುಲಭವಿತ್ತು. ಅವತ್ತಿನ ಅಕ್ಕಿಗೆ ಅವರು ಏನು ಮಾಡಬೇಕಿತ್ತು ಎಂದು ನಾನು ಕೇಳಲಿಲ್ಲ. ನೀನು ಕೇಳಿ ಬರೆ. ಅವರ ಮಾತಿನಲ್ಲೇ ಬರೆ.

ನಾನು ಶಿರಸಿಯಲ್ಲಿ ಟ್ರೇನಿಂಗಿನಲ್ಲಿದ್ದಾಗ ಬೇಡ್ತಿ ಅಣೆಕಟ್ಟಿನ ಗಲಾಟೆ. ತೋಟಗಾರರು ಸುಮ್ನೆ ಕೂಗಲಿಲ್ಲ. 1981ರಲ್ಲಿ ವಿಜ್ಞಾನಿಗಳನ್ನು ಶಿರಸಿಗೇ ಕರೆಸಿ, ಮುಳುಗುವ ತೋಟ ಕಾಡುಗಳ ಬೆಲೆ ಎಷ್ಟು, ಬರುವ ಕರೆಂಟಿನ ಬೆಲೆ ಎಷ್ಟು ಎಂದು ಕೂತು ಕೂಡಿ ಕಳೆದರು. ಯೋಜನೆ ಆಗ ನಿಂತಿತು. ನಮಗೆ ಹಾಸ್ಟೆಲಿನಲ್ಲಿ ಅದು ಗಂಡಸರ ಗದ್ದಲ ಅನ್ನಿಸಿತ್ತು, ಈಗ ನೆನಪಾಗುತ್ತದೆ.

ಮಾವ ಚೆನ್ನಾಗಿದ್ದಾರೆ. ಎಡಗೈಯಲ್ಲೇ ಊಟ ಮಾಡುತ್ತಾರೆ, ಪೇಪರ್ ಓದಿಸಿಕೊಳ್ಳುತ್ತಾರೆ. ನಿನ್ನ ಮನವಿಯನ್ನೂ ಓದಿ ಹೇಳಿದೆ. ಹೆಲಿಕಾಪ್ಟರ್ ಎಂದಾಗ ನಕ್ಕರು. ಸಹಿ ಹಾಕುತ್ತೇನೆ ಎನ್ನುತ್ತಿದ್ದಾರೆ, ಎಡಗೈಯದ್ದು ನಡೆಯುತ್ತದೋ ಕೇಳು ಎಂದರು.

ಭಾನುವಾರ ಬಾ. ಹಾಳೆಗಳನ್ನೆಲ್ಲ ತಾ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಂದಿಟ್ಟಿದ್ದೇನೆ.

ನಿನ್ನ ಅತ್ತೆ