ಹಕ್ಕಿ ತಿಂದ ಹಣ್ಣು

ದಾವಣಗೆರೆ

ಚಿ. ರೇಖಾಳಿಗೆ ಆಶೀರ್ವಾದ.

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಲ್ಲಿ ಹೇಳಿರ್ತಾಳೆ, ಬಿಡು. ನಿನ್ನ ಕಾಗದದಲ್ಲಿ ಒಂದು ಸಾಲಿದೆಯಲ್ಲ, ಮಕ್ಕಳು ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಕಡೆ ಹೋದಾಗ ಹಕ್ಕಿ ತಿನ್ನೋ ಹಣ್ಣನ್ನೇ ತಿಂತಾವೆ, ಪರವಾಗಿಲ್ವಾ ಅಂತ? ಪರವಾಗಿಲ್ಲ ಅನ್ನೋಕಾಗಲ್ಲ.

ಹಕ್ಕಿ ಅಗಿಯೋದಿಲ್ಲ, ನುಂಗುತ್ತೆ. ಬೀಜ ಬಹುಪಾಲು ಹಾಗೇ ಹೊರಗೆ ಬೀಳುತ್ತೆ. ಮಗು ಕಡಿಯುತ್ತೆ. ವಿಷ ಬಹಳ ಸಲ ಇರೋದು ಬೀಜದೊಳಗೇ. ಕಾಸರಕದ ಕಿತ್ತಳೆ ಬಣ್ಣದ ಹಣ್ಣಿನ ತಿರುಳನ್ನ ಮಂಗ ತಿನ್ನುತ್ತೆ, ಆದರೆ ಬೀಜದಲ್ಲಿ ಸ್ಟ್ರಿಕ್ನಿನ್ ಅನ್ನೋ ವಿಷ.

ನನಗೆ ಹೆಚ್ಚು ಭಯ ಗುಲಗಂಜಿಯದು. ಬೇಲಿ ಮೇಲೆ ಹಬ್ಬೋ ಬಳ್ಳಿ, ಎಲೆ ಹುಣಸೆ ಎಲೆಯಂತೆ. ಕಾಯಿ ಒಣಗಿ ಮುರುಟಿ ಬಿರಿದರೂ ಬೀಜ ಸಿಪ್ಪೆಗೇ ಅಂಟಿಕೊಂಡಿರುತ್ತೆ, ಕೆಂಪು ಮೈಗೆ ಒಂದು ಕಪ್ಪು ಕಣ್ಣು. ಅಳಗುಳಿಮಣೆಗೆ ಆರಿಸಿ ತರೋ ಮಕ್ಕಳಿದ್ದಾರೆ. ಇಡಿಯಾಗಿ ನುಂಗಿದ್ದು ಎಷ್ಟೋ ಸಲ ಹಾಗೇ ಹೋಗಿಬಿಡುತ್ತೆ. ಅಗಿದರೆ, ಇಲ್ಲಾ ಸರಕ್ಕೆ ಅಂತ ತೂತು ಕೊರೆದಿದ್ದರೆ, ಒಳಗಿನ ಅಬ್ರಿನ್ ಅನ್ನೋ ವಿಷ ಬಿಡುಗಡೆಯಾಗುತ್ತೆ. ಲಕ್ಷಣ ತಡವಾಗಿ ಬರುತ್ತೆ, ಮಾರನೇ ದಿನವೂ ಆಗಬಹುದು. ಮಗು ಆಡ್ತಾ ಇದೆ ಅಂತ ಸುಮ್ಮನಿರಬೇಡ.

ಲಂಟಾನದ ಹಸಿರು ಕಾಯಿ ಬೇಡ. ಬೇಲಿಯ ಕಾಡುಹರಳಿನ ಬೀಜಕ್ಕೆ ಶೇಂಗಾ ರುಚಿ, ಅದಕ್ಕೇ ಮಕ್ಕಳು ಮುಕ್ಕಿಬಿಡ್ತಾವೆ, ಆಮೇಲೆ ವಾಂತಿ ಭೇದಿ. ಮುಳ್ಳುಕಾಯಿಯ ಉಮ್ಮತ್ತಿ ತಿಂದರೆ ಬಾಯಿ ಒಣಗಿ, ಕಣ್ಣ ಪಾಪೆ ಅಗಲವಾಗಿ, ಇಲ್ಲದ್ದನ್ನ ಹಿಡಿಯೋಕೆ ಹೋಗ್ತಾವೆ.

ನಾವೂ ಕಾರೆ, ಕವಳೆ, ಬಾರೆಹಣ್ಣು ತಿಂದೇ ಬೆಳೆದೋರು. ಆದರೆ ಒಬ್ಬ ದೊಡ್ಡ ಹುಡುಗ ಮುಂದಿರ್ತಿದ್ದ, ಅವನು ಮುಟ್ಟದ್ದನ್ನ ನಾವೂ ಮುಟ್ತಿರಲಿಲ್ಲ. ಈಗಿನ ಮಕ್ಕಳಿಗೆ ಆ ಮುಂದಿನವನಿಲ್ಲ, ಹಕ್ಕಿ ನೋಡ್ತಾವೆ! ಗಿಡ ಮುರಿದಾಗ ಹಾಲು ಬಂದರೆ ವಿಷ ಅನ್ನೋ ಲೆಕ್ಕವೂ ನೆಟ್ಟಗಿಲ್ಲ. ಕವಳೆಗೂ ಹಾಲಿದೆ, ಉಮ್ಮತ್ತಿಗಿಲ್ಲ.

ಉಪದೇಶ ಅನ್ಕೋಬೇಡ. ತಿಂದದ್ದು ಗೊತ್ತಾದರೆ ಬಾಯಲ್ಲಿ ಉಳಿದದ್ದನ್ನ ತೆಗಿ, ಮುಕ್ಕಳಿಸು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡ. ಉಪ್ಪೇ ಮೈಗೇರುತ್ತೆ, ಮಂಪರಲ್ಲಿದ್ದರೆ ವಾಂತಿ ಶ್ವಾಸಕ್ಕೆ ಹೋಗುತ್ತೆ. ಮಂಪರಿದ್ದರೆ ಮಗ್ಗುಲಾಗಿ ಮಲಗಿಸು. 108ಕ್ಕೆ ಫೋನ್ ಮಾಡು. ಹಣ್ಣು, ಎಲೆಯಿರೋ ಒಂದು ಟೊಂಗೆ ಕವರಲ್ಲಿ ಹಾಕ್ಕೊಂಡು ಹೋಗು. ಎಷ್ಟು ಹೊತ್ತಿಗೆ, ಎಷ್ಟು ತಿಂದ್ರು, ಅಗಿದ್ರಾ ನುಂಗಿದ್ರಾ, ಡಾಕ್ಟರಿಗೆ ಹೇಳು.

ಗೊತ್ತಿಲ್ಲದ ಗಿಡ ಕಂಡರೆ ವಾಟ್ಸಾಪಲ್ಲಿ ಫೋಟೊ ಕಳಿಸು. ಫೋಟೊ ನೋಡಿ ತಿನ್ನಬೇಡ ಅಂತ ಮಾತ್ರ ಹೇಳ್ತೀನಿ, ತಿನ್ನಬಹುದು ಅಂತ ಹೇಳೋದಿಲ್ಲ.

ನಿನ್ನ ದೊಡ್ಡಪ್ಪ