ಮ್ಯೂಸಿಯಂ ಆಮೇಲೆ ಮಾಡಿ, ಮೊದಲು ಹಳೆ ಸ್ಟೇಷನ್‌ಗೆ ಹೆಂಚು ಹಾಕಿಸಿ: ಪುರಸಭೆ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ ನಮಸ್ಕಾರಗಳು.

ನಾನು ಹಳೆ ರೈಲ್ವೆ ಸ್ಟೇಷನ್ ಎದುರಿನ ಟೈಲರ್. 31 ವರ್ಷದಿಂದ ಅದೇ ಜಾಗದಲ್ಲಿ ಮಷಿನ್ ಇಟ್ಟುಕೊಂಡು ಕೂತಿದ್ದೇನೆ. ತಲೆ ಎತ್ತಿದರೆ ಸ್ಟೇಷನ್ ಕಾಣುತ್ತದೆ. ನಮ್ಮ ತಂದೆ ಅಲ್ಲೇ ಪಾಯಿಂಟ್ಸ್‌ಮನ್, ಅಂದರೆ ರೈಲಿಗೆ ಹಳಿ ಬದಲಿಸಿಕೊಡುವ ಕೆಲಸದಲ್ಲಿ ಇದ್ದರು. ಹಾಗಾಗಿ ಆ ಕಟ್ಟಡದ ವಿಷಯದಲ್ಲಿ ನನಗೆ ಸುಮ್ಮನಿರಲು ಆಗುವುದಿಲ್ಲ.

ಹಾಗಂತ ಈ ಪತ್ರ ಬರೆಯಬೇಕು ಅಂತ ಇರಲಿಲ್ಲ. ಮೂರು ಸಲ ಅರ್ಜಿ ಕೊಟ್ಟಿದ್ದೆ. ಮೊಹರು ಹಾಕಿಸಿಕೊಂಡ ಪ್ರತಿಗಳು ನನ್ನ ಹತ್ತಿರ ಇವೆ. ಒಂದಕ್ಕೂ ಉತ್ತರ ಬಂದಿಲ್ಲ. ಕಳೆದ ತಿಂಗಳು ಸಾಮಾನ್ಯ ಸಭೆಯಲ್ಲಿ ಹಳೆ ಸ್ಟೇಷನ್ ಅನ್ನು ಮ್ಯೂಸಿಯಂ ಮಾಡುವ ಚರ್ಚೆ ಇದೆ ಅಂತ ಕೇಳಿ ಅಂಗಡಿ ಮುಚ್ಚಿ ಬಂದೆ. ಹಿಂದಿನ ಕುರ್ಚಿಯಲ್ಲಿ ಕೂತು ಎರಡೂವರೆ ಗಂಟೆ ಕೇಳಿದೆ. ಮ್ಯೂಸಿಯಂಗೆ ಯಾರ ಹೆಸರು ಇಡಬೇಕು ಅನ್ನುವುದರ ಮೇಲೆ ಒಂದು ಗಂಟೆಗಿಂತ ಜಾಸ್ತಿ ಹೋಯಿತು. ಬಾಗಿಲಲ್ಲಿ ಕಮಾನು ಬೇಕಾ, ಸೆಲ್ಫಿ ತೆಗೆದುಕೊಳ್ಳುವ ಜಾಗ ಎಲ್ಲಿರಬೇಕು, ಅದೂ ಆಯಿತು. ಚಾವಣಿ ಸೋರುತ್ತಿದೆ ಅನ್ನುವ ಮಾತು ಒಬ್ಬರ ಬಾಯಿಂದಲೂ ಬರಲಿಲ್ಲ. ಒಬ್ಬರೂ ಹೇಳಲಿಲ್ಲವಲ್ಲ ಅಂತ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಈ ಮಳೆಗಾಲಕ್ಕೆ ಮುಂಚೆ ಹೆಂಚು ಹಾಕಿಸಿ. ನನ್ನ ಬೇಡಿಕೆ ಅಷ್ಟೇ.

ನಾನು ಮ್ಯೂಸಿಯಂ ಬೇಡ ಅನ್ನುವವನಲ್ಲ. ಈ ಊರಲ್ಲಿ ಅದು ನನಗಿಂತ ಜಾಸ್ತಿ ಯಾರಿಗೂ ಬೇಕಾಗಿರಲಾರದು. ನಮ್ಮ ಭಾಗದ ಸಣ್ಣ ರೈಲಿನ ಕಥೆ ಇವತ್ತಿನ ಮಕ್ಕಳಿಗೆ ಗೊತ್ತೇ ಇಲ್ಲ. 1913ರಲ್ಲಿ ಬಂಗಾರಪೇಟೆಯಿಂದ ಕೋಲಾರಕ್ಕೆ ಹಳಿ ಬಂತು. ಆಗ ಬಂಗಾರಪೇಟೆಗೆ ಬೌರಿಂಗ್‌ಪೇಟೆ ಅಂತ ಹೆಸರು. ಆ ಕಡೆ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ರೈಲು ಬಂತು. ಎರಡು ಹಳಿಗಳ ನಡುವೆ ಬರೀ ಎರಡೂವರೆ ಅಡಿ. ನಮ್ಮ ತಂದೆ ಕೈ ಅಗಲಿಸಿ ತೋರಿಸುತ್ತಿದ್ದರು, ಇಷ್ಟೇ ಕಣೋ ಅಂತ. ರೇಷ್ಮೆ ಗೂಡಿನ ಬುಟ್ಟಿಗಳು ಬಂದ ದಿನ ಪ್ಲಾಟ್‌ಫಾರ್ಮ್ ಪೂರ್ತಿ ಆ ವಾಸನೆ ಇರುತ್ತಿತ್ತು. ಟಿಕೆಟ್ ಅಂದರೆ ರಟ್ಟಿನ ಚೂರು. ಅದಕ್ಕೆ ತಾರೀಖು ಒತ್ತುವ ಕಬ್ಬಿಣದ ಯಂತ್ರ ಕಟಕ್ ಅಂತ ಸದ್ದು ಮಾಡುತ್ತಿತ್ತು. ಗಂಟೆ ಅಂದರೆ ನೇತುಹಾಕಿದ ಹಳಿಯ ತುಂಡು. ಅದನ್ನು ಹೊಡೆದರೆ ನಮ್ಮ ಮನೆಗೂ ಕೇಳುತ್ತಿತ್ತು. ಅಮ್ಮ ಆಗ ಅಪ್ಪನಿಗೆ ಅನ್ನಕ್ಕೆ ಇಡುತ್ತಿದ್ದರು.

ಕೋಲಾರ ಮತ್ತು ಚಿಕ್ಕಬಳ್ಳಾಪುರದ ನಡುವೆ ದೊಡ್ಡ ಹಳಿಯ ಮೇಲೆ ರೈಲು ಓಡಿದ್ದು 2013ರಲ್ಲಿ. ಒಳ್ಳೆಯದೇ ಆಯಿತು. ಆದರೆ ನಮ್ಮ ಊರಲ್ಲಿ ಹೊಸ ಸ್ಟೇಷನ್ ಬೇರೆ ಕಡೆ ಬಂತು. ಹಳೆಯದಕ್ಕೆ ಬೀಗ ಬಿತ್ತು. ಆಮೇಲೆ ಬೀಗವೂ ಹೋಯಿತು, ಬಾಗಿಲೂ ಹೋಯಿತು.

ಹೆಂಚಿನ ಮನೆ ಹೇಗೆ ಬೀಳುತ್ತದೆ ಅಂತ ನಾನು ಅಂಗಡಿಯಲ್ಲಿ ಕೂತು ನೋಡಿದ್ದೇನೆ. ಮೊದಲು ಕೋತಿ ಓಡಾಡಿ ಒಂದು ಹೆಂಚು ಜಾರುತ್ತದೆ. ಆ ಸಂದಿಯಿಂದ ನೀರು ಇಳಿದು ರೀಪು, ಅಂದರೆ ಹೆಂಚಿನ ಕೆಳಗಿನ ಮರದ ಪಟ್ಟಿ ನೆನೆಯುತ್ತದೆ. ಎರಡು ಮಳೆಗಾಲ ಕಳೆದರೆ ರೀಪು ಮೆತ್ತಗಾಗಿ ಅಕ್ಕಪಕ್ಕದ ಹತ್ತು ಹೆಂಚು ಒಟ್ಟಿಗೆ ಬೀಳುತ್ತವೆ. ಆಮೇಲೆ ತೊಲೆ. ಆಮೇಲೆ ಗೋಡೆಯ ತಲೆ. ಅದು ಸುಣ್ಣದ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆ. ಮೇಲಿನಿಂದ ನೀರು ನುಗ್ಗಿದರೆ ಕಲ್ಲಿನ ನಡುವಿನ ಗಾರೆ ಕರಗಿ ಬರುತ್ತದೆ. ಈಗ ಟಿಕೆಟ್ ಕೊಡುತ್ತಿದ್ದ ಕೋಣೆಯ ಮೂಲೆಯಲ್ಲಿ ಅರಳಿ ಗಿಡ ಎದ್ದಿದೆ. ಹೋದ ವರ್ಷ ಬೆರಳು ದಪ್ಪ ಇತ್ತು. ಈ ವರ್ಷ ನನ್ನ ಮುಂಗೈ ದಪ್ಪ ಇದೆ.

ಈಗ ಹೋದ ವರ್ಷದ ವಿಷಯ ಹೇಳುತ್ತೇನೆ. ಇದನ್ನು ಹೇಳದೆ ನನ್ನ ಮನಸ್ಸು ಹಗುರ ಆಗುವುದಿಲ್ಲ.

ಜೂನ್‌ನಲ್ಲಿ ಮಳೆ ಶುರುವಾಗುವ ಮುಂಚೆ ನಾನೇ ಒಂದು ಟಾರ್ಪಾಲು ಹೊಲಿದೆ. ಸಂತೆಯಲ್ಲಿ ತುಂಡು ತುಂಡಾಗಿ ಕೊಂಡು ತಂದೆ. ಒಂಬತ್ತು ರಾತ್ರಿ ಕೂತು ಜೋಡಿಸಿದೆ. ದಪ್ಪ ಬಟ್ಟೆಗೆ ಸೂಜಿ ಮುರಿಯುತ್ತದೆ, ಹನ್ನೊಂದು ಸೂಜಿ ಮುರಿದವು. ಹಬ್ಬಕ್ಕೆ ಬಂದಿದ್ದ ಬ್ಲೌಸುಗಳು ತಡವಾಗಿ ಹೆಂಗಸರ ಹತ್ತಿರ ಬೈಸಿಕೊಂಡೆ. ಖರ್ಚು 7,400 ರೂಪಾಯಿ. ಯಾರ ಹತ್ತಿರವೂ ಕೇಳಲಿಲ್ಲ. ಕಟ್ಟುವ ಮುಂಚೆ ಒಂದು ಕಚೇರಿಗೆ ಹೋಗಿ ಅನುಮತಿ ಕೇಳಿದೆ. ನಮಗೆ ಸಂಬಂಧ ಇಲ್ಲ, ಇನ್ನೊಂದು ಕಚೇರಿಗೆ ಹೋಗಿ ಅಂದರು. ಅಲ್ಲಿ ಹೋದರೆ ಮೊದಲಿನ ಕಚೇರಿಯನ್ನೇ ತೋರಿಸಿದರು. ಮೋಡ ಕಟ್ಟಿತ್ತು. ನಾನೂ ಪಕ್ಕದ ಸೈಕಲ್ ಅಂಗಡಿಯ ಹುಡುಗರೂ ಸೇರಿ ಒಂದು ಭಾನುವಾರ ಹತ್ತಿ ಕಟ್ಟಿದೆವು.

ಅದು ಇದ್ದದ್ದು ಆರು ದಿನ.

ಏಳನೇ ದಿನ ನಾಲ್ಕು ಜನ ಟ್ರ್ಯಾಕ್ಟರ್ ತಂದು ಟಾರ್ಪಾಲು ಬಿಚ್ಚಿದರು. ಒತ್ತುವರಿ ಅಂದರು. ಸರ್ಕಾರಿ ಕಟ್ಟಡದ ಮೇಲೆ ಖಾಸಗಿ ವಸ್ತು ಹಾಕಿದ್ದೀರಿ, ಕೇಸ್ ಆಗುತ್ತೆ ಅಂತ ನನ್ನ ಗಿರಾಕಿಗಳ ಮುಂದೆ ಹೇಳಿದರು. ನಾನು ಕೈ ಮುಗಿದೆ. 64 ವರ್ಷದ ಮನುಷ್ಯ, ರಸ್ತೆಯಲ್ಲಿ ನಿಂತು ಕೈ ಮುಗಿದೆ. ಟಾರ್ಪಾಲು ವಾಪಸ್ ಕೊಡಿ ಅಂದರೆ ಜಪ್ತಿ ಅಂದರು. ರಸೀದಿ ಕೇಳಿದೆ, ಕೊಡಲಿಲ್ಲ. ಹದಿನೈದು ದಿನ ಆದ ಮೇಲೆ ಒಂದು ಕಾರ್ಯಕ್ರಮದ ವೇದಿಕೆಯ ಹಿಂದೆ ಅದೇ ಟಾರ್ಪಾಲು ಕಂಡೆ. ಊಟದ ಪಾತ್ರೆಗಳಿಗೆ ನೆರಳು ಮಾಡಿದ್ದರು. ನನ್ನ ಹೊಲಿಗೆ ನನಗೆ ಗೊತ್ತಾಗುವುದಿಲ್ಲವೇ? ಮೂಲೆಗಳಿಗೆ ನೀಲಿ ದಾರದಲ್ಲಿ ಎರಡೆರಡು ಸಾಲು ಹಾಕಿದ್ದೆ.

ಟಾರ್ಪಾಲು ಬಿಚ್ಚಿದ ವಾರವೇ ಮಳೆ ಜೋರಾಗಿ ಬಂತು. ವೇಟಿಂಗ್ ರೂಮಿನ ಚಾವಣಿಯ ಅರ್ಧ ಭಾಗ ಶುಕ್ರವಾರ ರಾತ್ರಿ ಬಿತ್ತು. ಶಬ್ದ ಕೇಳಿ ಎದ್ದು ಟಾರ್ಚ್ ಹಿಡಿದು ಓಡಿದೆ. ಬೆಳಗ್ಗೆ ಹೋಗಿ ಒಡೆಯದೆ ಉಳಿದ ಹೆಂಚುಗಳನ್ನು ಆರಿಸಿ ಗೋಡೆಯ ಪಕ್ಕ ಜೋಡಿಸಿಟ್ಟೆ. ಅವು 86. ಇವತ್ತಿಗೂ ಅಲ್ಲೇ ಇವೆ.

ಅಧ್ಯಕ್ಷರೇ, ನನ್ನ ದುಡ್ಡು ಹೋದದ್ದಕ್ಕೆ ಬೇಜಾರಿಲ್ಲ. ನನ್ನ ಟಾರ್ಪಾಲು ಒತ್ತುವರಿ, ಆದರೆ ಬಾಗಿಲು ಕಿತ್ತುಕೊಂಡು ಹೋದವರ ಮೇಲೆ ಒಂದು ದೂರೂ ಇಲ್ಲ. ಇದು ಯಾವ ನ್ಯಾಯ? ಯಾರಾದರೂ ನನ್ನ ಮುಂದೆ ಕೂತು ಹೇಳಬೇಕು. ನನಗೆ ನಿಜವಾಗಿ ಸಿಟ್ಟು ಬಂದಿದೆ. ವರ್ಷ ಆಯಿತು, ಇನ್ನೂ ಇಳಿದಿಲ್ಲ.

ನಿಯಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಜಾಗ ರೈಲ್ವೆಯದು. ನೀವು ಎಷ್ಟು ಠರಾವು ಮಾಡಿದರೂ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗದವರು ಒಪ್ಪದೆ ಒಂದು ಮೊಳೆ ಹೊಡೆಯುವ ಹಾಗಿಲ್ಲ. ಹಾಗಿದ್ದರೆ ಅವರಿಗೆ ಪತ್ರ ಹೋಗಿದೆಯಾ? ಸಭೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನಿಮ್ಮನ್ನೇ ಕೇಳಿದೆ. ನೋಡೋಣ ಅಂದಿರಿ. ಯಾವಾಗ ನೋಡುವುದು? ಹೆಸರು ಆಮೇಲೆ ಇಡಬಹುದು, ಕಮಾನು ಆಮೇಲೆ ಕಟ್ಟಬಹುದು. ಮಳೆ ಮಾತ್ರ ನಿಮ್ಮ ಮುಂದಿನ ಸಭೆಗೆ ಕಾಯುವುದಿಲ್ಲ. ಚಾವಣಿ ದುರಸ್ತಿಗೆ ಮಾತ್ರ ಅನುಮತಿ ಕೇಳಿ ಒಂದು ಪತ್ರ ಬರೆಯಿರಿ. ಹೆಂಚು ಹಾಕಿಸಿ.

ಸಭೆಯಲ್ಲಿ ಒಬ್ಬ ಸದಸ್ಯರು ಪ್ಯಾರಿಸ್ ಉದಾಹರಣೆ ಕೊಟ್ಟರು. ಅಲ್ಲಿ ರೈಲ್ವೆ ಸ್ಟೇಷನ್ನೇ ದೊಡ್ಡ ಮ್ಯೂಸಿಯಂ ಆಗಿದೆ, ನಾವೂ ಮಾಡೋಣ ಅಂದರು. ಮನೆಗೆ ಬಂದು ಮಗಳ ಹತ್ತಿರ ಫೋನಿನಲ್ಲಿ ಓದಿಸಿದೆ. ಅದು ಓರ್ಸೆ ಮ್ಯೂಸಿಯಂ. ಸ್ಟೇಷನ್ ಕಟ್ಟಿದ್ದು 1900ರಲ್ಲಿ, ಮ್ಯೂಸಿಯಂ ಆಗಿದ್ದು 1986ರಲ್ಲಿ. ರೈಲುಗಳು ಉದ್ದವಾದವು, ಅಲ್ಲಿನ ಪ್ಲಾಟ್‌ಫಾರ್ಮ್ ಸಾಲದೆ ಹೋಯಿತು. ನಡುವೆ ಅದನ್ನು ಕೆಡವುವ ಮಾತೂ ಬಂದಿತ್ತಂತೆ. ಆದರೂ ಉಳಿಸಿಕೊಂಡರು. ಅಷ್ಟು ವರ್ಷ ಕಟ್ಟಡ ನಿಂತಿತ್ತು, ಅದಕ್ಕೇ ಅವರಿಗೆ ಮ್ಯೂಸಿಯಂ ಮಾಡಲು ಆಯಿತು. ಇನ್ನೊಂದು ವಿಷಯ, ಅದರ ಕೆಳಗೆ ಇವತ್ತಿಗೂ ಊರಿನ ರೈಲು ನಿಲ್ಲುತ್ತದೆ.

ಪ್ಯಾರಿಸ್‌ವರೆಗೆ ಯಾಕೆ ಹೋಗಬೇಕು? ಮೈಸೂರಿನ ರೈಲು ಮ್ಯೂಸಿಯಂ 1979ರಿಂದ ಇದೆ. ಮಹಾರಾಣಿಯವರು ಓಡಾಡುತ್ತಿದ್ದ 1899ರ ಸಲೂನ್ ಅಲ್ಲಿದೆ. ಮಗಳು ಚಿಕ್ಕವಳಿದ್ದಾಗ ಕರೆದುಕೊಂಡು ಹೋಗಿದ್ದೆ, ಬಿಟ್ಟು ಬರಲು ಅವಳು ಒಪ್ಪಲಿಲ್ಲ. ಹುಬ್ಬಳ್ಳಿಯಲ್ಲಿ 2020ರಲ್ಲಿ ಮಾಡಿದರು. ಅಲ್ಲಿ ರೈಲ್ವೆಯ ಎರಡು ಹಳೆ ಹೆಂಚಿನ ಮನೆಗಳನ್ನು ಉಳಿಸಿಕೊಂಡು ಘಟಪ್ರಭಾ, ಮಲಪ್ರಭಾ ಅಂತ ಹೆಸರಿಟ್ಟು ಹಳೆಯ ವಸ್ತು ಇಟ್ಟಿದ್ದಾರೆ. ಇನ್ನೂ ಹತ್ತಿರ ಬೇಕಾದರೆ ನಂದಿ ಹಾಲ್ಟ್ ಸ್ಟೇಷನ್‌ಗೆ ಹೋಗಿ ಬನ್ನಿ. ಅಲ್ಲಿನ ಹಳೆ ಕಲ್ಲಿನ ಕಟ್ಟಡವನ್ನು ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆಯವರು ದುರಸ್ತಿ ಮಾಡಿದ್ದಾರೆ. ಅವರಿಗೆ ಈ ಕೆಲಸ ಗೊತ್ತಿದೆ. ಅವರನ್ನು ಕೇಳಿ. ಗಾರೆ ಗೋಡೆಗೆ ಸಿಮೆಂಟ್ ಬಳಿಯಬಾರದು, ಒಳಗಿನ ತೇವ ಹೊರಗೆ ಬರಲಾಗದೆ ಗೋಡೆ ಇನ್ನೂ ಬೇಗ ಹಾಳಾಗುತ್ತದೆ. ಸಭೆಯಲ್ಲಿ ಓದಿದ ಅಂದಾಜು ಪಟ್ಟಿಯಲ್ಲಿ ಸಿಮೆಂಟ್ ಪ್ಲಾಸ್ಟರ್ ಅಂತ ಇತ್ತು. ದಯವಿಟ್ಟು ಅದನ್ನು ತೆಗೆಸಿ. ಹೆಂಚಿನ ಲೆಕ್ಕ ಹಾಕಿಸಿ.

ಕೊನೆಯದಾಗಿ ನಿಮ್ಮ ಪ್ರಕಟಣೆಯ ವಿಷಯ. ಮ್ಯೂಸಿಯಂಗೆ ಹಳೆ ರೈಲ್ವೆ ವಸ್ತು ಇದ್ದವರು ದಾನ ಕೊಡಿ ಅಂತ ಆಟೋದಲ್ಲಿ ಮೈಕ್ ಕಟ್ಟಿ ಹೇಳಿಸಿದಿರಿ. ಆಟೋ ನನ್ನ ಅಂಗಡಿ ಮುಂದೆಯೂ ನಿಂತಿತ್ತು. ನನ್ನ ಹತ್ತಿರ ತಂದೆಯವರ ಕೈದೀಪ ಇದೆ. ಒಂದು ಕಡೆ ಕೆಂಪು ಗಾಜು, ಒಂದು ಕಡೆ ಹಸಿರು ಗಾಜು. ಹಿಡಿಯಲ್ಲಿ ಅವರ ಬೆರಳು ಸವೆಸಿದ ಗುರುತಿದೆ. ನಿವೃತ್ತಿಯ ದಿನ ಅವರ ಮೇಲಿನವರೇ ಪ್ರೀತಿಯಿಂದ ಕೊಟ್ಟಿದ್ದು. ಗುಜರಿಯವನು, ಹಳೆ ಸಾಮಾನು ಕೊಳ್ಳುವ ಬೆಂಗಳೂರಿನವರು, ಎಷ್ಟೋ ಜನ ಕೇಳಿದ್ದಾರೆ. ಕೊಟ್ಟಿಲ್ಲ. ಅದು ಆ ಸ್ಟೇಷನ್‌ನಲ್ಲೇ ಇರಬೇಕು, ಟಿಕೆಟ್ ಕಿಟಕಿಯ ಪಕ್ಕದ ಗೂಡಿನಲ್ಲಿ. ಅಪ್ಪ ಅಲ್ಲೇ ಇಡುತ್ತಿದ್ದರು.

ಆದರೆ ಸೋರುವ ಸೂರಿನ ಕೆಳಗೆ ಇಡಲು ನಾನು ಕೊಡುವುದಿಲ್ಲ. ರಸೀದಿ ಇಲ್ಲದೆಯೂ ಕೊಡುವುದಿಲ್ಲ. ದಾಸ್ತಾನು ಪುಸ್ತಕದಲ್ಲಿ ಬರೆದು ಸಹಿ ಹಾಕಿ ಕೊಡಬೇಕು.

ಈ ಭಾನುವಾರ ಏಣಿ ಹಾಕಿ ಎಣಿಸಿದ್ದೇನೆ. ಇಡೀ ಕಟ್ಟಡಕ್ಕೆ 910 ಹೆಂಚು ಬೇಕು. 86 ಗೋಡೆಯ ಪಕ್ಕ ಇವೆ. 200 ನಾನು ಕೊಡಿಸುತ್ತೇನೆ. ಸೈಕಲ್ ಅಂಗಡಿಯ ಹುಡುಗರು ಹತ್ತಿ ಇಳಿಯುವ ಕೆಲಸಕ್ಕೆ ಬರುತ್ತಾರೆ. ಉಳಿದ 624 ಹೆಂಚು, ರೀಪು, ಒಬ್ಬ ಒಳ್ಳೆ ಬಡಗಿಯ ಕೂಲಿ ಪುರಸಭೆಯದು. ಅನುಮತಿ ಪತ್ರವೂ ನಿಮ್ಮದು. ಜೂನ್‌ಗೆ ಇನ್ನು ಮೂರು ವಾರ ಇದೆ. ನಾನು ಬೆಳಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಅಂಗಡಿಯಲ್ಲೇ ಇರುತ್ತೇನೆ.

ಇಂತಿ,
ಹಳೆ ಸ್ಟೇಷನ್ ಎದುರಿನ ಟೈಲರ್