ಶಿರಸಿಯ ಶ್ವಾನಪ್ರಿಯರಿಗೆ: ಭಾನುವಾರ ಗಂಟು ನೋಡುವುದು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10 ನಿಮಿಷ ನಿಮ್ಮ ನಾಯಿಯ ಮೈಮೇಲೆ ಕೈಯಾಡಿಸಿ ನೋಡಿ. ದವಡೆಯ ಕೆಳಗೆ, ಹೆಗಲಿನ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ ನೋವಿಲ್ಲದ ಗಟ್ಟಿ ಗಂಟು ಸಿಕ್ಕರೆ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಇರಬಹುದು. ಉಣುಗಿನ ಜ್ವರದಲ್ಲೂ ಇವೇ ಗ್ರಂಥಿಗಳು ಊದುತ್ತವೆ, ಹಾಗಾಗಿ ರಕ್ತಪರೀಕ್ಷೆಯೂ ಬೇಕು.

ಮರಿಯಾಗದಂತೆ ಆಪರೇಷನ್ ಮಾಡಿಸದ ಹೆಣ್ಣುನಾಯಿಯ ಮೊಲೆಗಳನ್ನು ಒಂದೊಂದಾಗಿ ಬೆರಳಲ್ಲಿ ಹೊರಳಿಸಿ ನೋಡಿ. ಅಲ್ಲಿ ಅಕ್ಕಿಕಾಳಿನಷ್ಟು ಸಿಕ್ಕರೂ ಕಾಯಬೇಡಿ. ಬೇರೆಡೆ ಬಟಾಣಿಗಿಂತ ದೊಡ್ಡದಿದ್ದರೆ, ತಿಂಗಳಾದರೂ ಹೋಗದಿದ್ದರೆ ಪಶುವೈದ್ಯರಲ್ಲಿ ಸೂಜಿ ಪರೀಕ್ಷೆ (ಗಂಟಿನಿಂದ ಸೂಜಿಯಲ್ಲಿ ಜೀವಕೋಶ ತೆಗೆದು ನೋಡುವುದು) ಮಾಡಿಸಿ.

ಬೀದಿ ಸುತ್ತುವ ನಾಯಿಗೆ ಜನನಾಂಗದಿಂದ ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ ಬೆದೆ ಎಂದು ಬಿಡಬೇಡಿ. ಕೂಡುವಾಗ ಅಂಟುವ ಗಡ್ಡೆ ಇರಬಹುದು. ವಾರಕ್ಕೊಂದು ಕ್ಯಾನ್ಸರ್ ಔಷಧವಾದ ವಿನ್‌ಕ್ರಿಸ್ಟಿನ್ ಇಂಜೆಕ್ಷನ್‌ಗೆ ಹೆಚ್ಚಿನವು ಕರಗುತ್ತವೆ.

ಗಂಟು ಹಿಚುಕಬೇಡಿ, ಸುಣ್ಣ ಹಚ್ಚಬೇಡಿ. ಪಕ್ಕದಲ್ಲಿ ರೂಪಾಯಿ ನಾಣ್ಯ ಹಿಡಿದು ಫೋಟೋ ತೆಗೆದಿಡಿ, ಬೆಳೆದದ್ದು ತಿಳಿಯುತ್ತದೆ. ನೋಡಿ ಆದವರು ಸಂಜೆಯೊಳಗೆ ಇಲ್ಲೇ ತಿಳಿಸಿ.